ಒಂದು ಮಣಿ ಹೆಚ್ಚಿದ್ದರೆ ಅದು ರೋಗವಲ್ಲ

ಉಭಯಚರಗಳ ಎಕ್ಸ್‌-ರೇ ಓದುವುದು ನನ್ನ ಕೆಲಸ. ಯುರೋಪಿನ ಮ್ಯೂಸಿಯಂ ಒಂದರಲ್ಲಿ ಕೂತು ಹಲವು ವರ್ಷಗಳಿಂದ, ಹಲ್ಲಿಯಂತೆ ಕಾಣುವ ಉಭಯಚರಗಳಾದ ನ್ಯೂಟ್‌ಗಳ ಬೆನ್ನುಮಣಿ ಎಣಿಸುತ್ತಿದ್ದೇನೆ. ಕೆಂಪು ವೃತ್ತ ಎಳೆದ ಚಿತ್ರಗಳು ಬರುತ್ತಲೇ ಇರುತ್ತವೆ, ಜೊತೆಗೆ ಅದೇ ಪ್ರಶ್ನೆ: "ಮೇಡಂ, ಇದರ ಬೆನ್ನುಮೂಳೆ ವಿಕಾರವಾಗಿದೆ. ಕೊಳದ ನೀರಿಗೆ ವಿಷ ಸೇರಿದೆಯಾ?"

ವೃತ್ತದೊಳಗೆ ನೋಡಿದರೆ ಎಡಗಡೆಯ ಪಕ್ಕೆಲುಬು ದಪ್ಪಗಾಗಿ ಸೊಂಟದ ಮೂಳೆಯನ್ನು ಹಿಡಿದುಕೊಂಡಿದೆ. ಅದೇ ಮಣಿಯ ಬಲಗಡೆಯದು ತೆಳ್ಳಗೆ, ಯಾವುದಕ್ಕೂ ತಾಗದೆ ನಿಂತಿದೆ. ಬಲಗಡೆ ಸೊಂಟ ಸೇರಿರುವುದು ಅದರ ಪಕ್ಕದಲ್ಲಿ, ಬಾಲದ ಕಡೆಗಿರುವ ಮಣಿಗೆ. ಅಷ್ಟೇ. ಆ ಪ್ರಾಣಿ ಈಜಿಕೊಂಡು, ಬೇಟೆಯಾಡಿಕೊಂಡು ದೊಡ್ಡದಾಗಿದೆ.

ನಮ್ಮ ತಲೆಯಲ್ಲಿ ಸಸ್ತನಿಗಳ ಲೆಕ್ಕ ಕೂತುಬಿಟ್ಟಿದೆ. ಜಿರಾಫೆಗೂ ಇಲಿಗೂ ಕತ್ತಿನಲ್ಲಿ 7 ಮಣಿ, ಹಾಗಾಗಿ ಎಲ್ಲ ಪ್ರಾಣಿಗೂ ಎಲ್ಲ ಕಡೆಯೂ ಒಂದು ಗೊತ್ತಾದ ಸಂಖ್ಯೆ ಇರಲೇಬೇಕು ಅಂದುಕೊಳ್ಳುತ್ತೇವೆ. ನ್ಯೂಟ್‌ಗೆ ಕತ್ತಿನಲ್ಲಿರುವುದೇ ಒಂದು ಮಣಿ. ಅಲ್ಲಿಂದ ಹಿಂದಕ್ಕೆ ಪಕ್ಕೆಲುಬಿನ ಮಣಿಗಳ ಸಾಲು, ಸೊಂಟ ಹೊರುವ ಒಂದು ಮಣಿ, ಆಮೇಲೆ ಬಾಲ. ಈ ಪಕ್ಕೆಲುಬಿನ ಸಾಲು ಟ್ರೈಟ್ಯೂರಸ್ ಎಂಬ ನ್ಯೂಟ್ ಕುಲದಲ್ಲಿ ಒಂದು ಪ್ರಭೇದದಿಂದ ಇನ್ನೊಂದಕ್ಕೆ ಉದ್ದವಾಗುತ್ತಾ ಹೋಗುತ್ತದೆ. ಸ್ಪೇನ್, ಫ್ರಾನ್ಸ್ ಕಡೆಯ ಹಸಿರು ಮಚ್ಚೆಯ ಮಾರ್ಬಲ್ಡ್ ನ್ಯೂಟ್‌ಗೆ 12, ಕ್ರಿಸ್ಟೇಟಸ್‌ಗೆ 15, ಡ್ಯಾನ್ಯೂಬ್ ಬಯಲಿನ ಡೊಬ್ರೊಜಿಕಸ್‌ಗೆ 16 ಅಥವಾ 17. ಮೊದಲನೆಯದು ವರ್ಷದಲ್ಲಿ ಸುಮಾರು 2 ತಿಂಗಳು ನೀರಿನಲ್ಲಿದ್ದರೆ, ಡೊಬ್ರೊಜಿಕಸ್ ಸುಮಾರು 6 ತಿಂಗಳು. ಅದರ ಮೈ ಉದ್ದ, ಕಾಲು ಗಿಡ್ಡ.

ಆ "16 ಅಥವಾ 17" ಅನ್ನುವುದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಪ್ರಭೇದಕ್ಕೆ ಹೇಳುವ ಸಂಖ್ಯೆ ಅದರಲ್ಲಿ ಹೆಚ್ಚು ಕಾಣಿಸುವ ಸಂಖ್ಯೆ, ಪ್ರತಿಯೊಂದು ಪ್ರಾಣಿಯೂ ಪಾಲಿಸಬೇಕಾದ ಕಟ್ಟಳೆಯಲ್ಲ. ಸಾಲು ಉದ್ದವಾದಷ್ಟೂ ಹೆಚ್ಚುಕಡಿಮೆ ಆಗುವ ಪ್ರಾಣಿಗಳೂ ಜಾಸ್ತಿ. ಭ್ರೂಣದಲ್ಲಿ ಮಣಿಗಳ ಮೂಲತುಂಡುಗಳು ತಲೆಯ ಕಡೆಯಿಂದ ಬಾಲದ ಕಡೆಗೆ ಜೋಡಿ ಜೋಡಿಯಾಗಿ ಮೂಡುತ್ತವೆ. ಯಾವ ತುಂಡು ಪಕ್ಕೆಯಾಗಬೇಕು, ಯಾವುದು ಸೊಂಟವಾಗಬೇಕು ಅಂತ ತೀರ್ಮಾನಿಸುವುದು ಹಾಕ್ಸ್ ಜೀನ್‌ಗಳು. ಹೊಲಗಳ ನಡುವಿನ ಬದುವಿನ ಹಾಗೆ ಈ ಗಡಿ. ಬದು ಒಂದು ಮಾರು ಹಿಂದೆ ಸರಿದರೆ ಒಂದು ಹೊಲ ದೊಡ್ಡದಾಗುತ್ತದೆ, ಭೂಮಿ ಕೆಡುವುದಿಲ್ಲ. ಎಡಗಡೆ ಒಂದು ಕಡೆ, ಬಲಗಡೆ ಇನ್ನೊಂದು ಕಡೆ ಬದು ಬಿದ್ದರೆ ಆ ಕೆಂಪು ವೃತ್ತದ ಮಣಿ ಸಿಗುತ್ತದೆ.

ಕ್ಯಾಲಿಫೋರ್ನಿಯಾದ ಬ್ಯಾಟ್ರಕೋಸೆಪ್ಸ್ ಎಂಬ, ನ್ಯೂಟ್ ಬಳಗದ ಸಪೂರ ಸಾಲಮಾಂಡರ್‌ಗಳಲ್ಲಿ ಮೊಟ್ಟೆ ಬೆಳೆದ ಉಷ್ಣಾಂಶ ಬದಲಾದರೂ ಮಣಿಗಳ ಸಂಖ್ಯೆ ಬದಲಾಗುತ್ತದೆ. ಮೆಕ್ಸಿಕೋದ ಲಿನಿಯಾಟ್ರೈಟಾನ್ ಎಂಬ ಸಾಲಮಾಂಡರ್ ಮಣಿ ಹೆಚ್ಚಿಸಿಕೊಳ್ಳದೆ, ಇರುವ ಒಂದೊಂದು ಮಣಿಯನ್ನೇ ಉದ್ದ ಮಾಡಿಕೊಂಡು ಹಾವಿನಂತಾಗಿದೆ.

ಹೋದ ವರ್ಷ ಊರಿಂದ ಅಕ್ಕ ರಾತ್ರಿ ಫೋನ್ ಮಾಡಿ ಅತ್ತಳು. "ಸೊಂಟದ ಐದನೇ ಮೂಳೆ ಕೆಳಗಿನದಕ್ಕೆ ಕೂಡಿಕೊಂಡಿದೆಯಂತೆ ಕಣೆ, ರಿಪೋರ್ಟಲ್ಲಿ ಬರೆದಿದ್ದಾರೆ." ಹಾಗಂದರೇನು ಅಂತ ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಮನುಷ್ಯರಲ್ಲೂ ಆ ಬದು ಹೀಗೆ ಸರಿಯುವುದುಂಟು, ಹುಟ್ಟಿನಿಂದಲೇ ಹಾಗಿರುವವರು ಬೇಕಾದಷ್ಟು ಜನ ಇದ್ದಾರೆ ಅಂದೆ. ನಾನು ಮನುಷ್ಯರ ಡಾಕ್ಟರಲ್ಲ, ನೋವಿದ್ದರೆ ಅವರಿಗೇ ತೋರಿಸು ಅಂತಲೂ ಅಂದೆ. ಅವಳು ಮಲಗಿದ್ದು ಒಂದು ಗಂಟೆಯ ಮೇಲೆ, ನನಗಂತೂ ನಿದ್ದೆ ಬರಲಿಲ್ಲ.

ನಿಜವಾದ ವಿಕಾರಗಳೂ ಇವೆ, ಇಲ್ಲವೆನ್ನುವುದಿಲ್ಲ. ಮಣಿ ಬೆಣೆಯಂತೆ ಒಂದೇ ಪಕ್ಕ ಕುಗ್ಗಿರುತ್ತದೆ, ಸಾಲು ಸೊಟ್ಟಗಾಗಿರುತ್ತದೆ, ಮುರಿದು ಕೂಡಿದ ಜಾಗದಲ್ಲಿ ಗಂಟು ಕಾಣುತ್ತದೆ. ಒಂದೇ ಕೊಳದಲ್ಲಿ ಅಂಥವು ಹಲವು ಸಿಕ್ಕರೆ ನೀರನ್ನು ಪರೀಕ್ಷಿಸುವುದು ಒಳ್ಳೆಯದೇ. ಒಂದು ಪ್ರಾಣಿ ನೋಡಿ ಕೊಳದ ಮೇಲೆ ತೀರ್ಪು ಕೊಡಲು ನಾನು ಒಪ್ಪುವುದಿಲ್ಲ.

ದಯವಿಟ್ಟು ಪೂರ್ತಿ ಚಿತ್ರ ಕಳಿಸಿ. ಎಣಿಕೆ ಶುರುವಾಗುವುದು ಕತ್ತಿನ ಆ ಒಂದು ಮಣಿಯ ಹಿಂದಿನಿಂದ, ತಲೆ ಕತ್ತರಿಸಿದ ಚಿತ್ರದಲ್ಲಿ ನಾನು ಏನನ್ನು ಎಣಿಸಲಿ? ಮೊನ್ನೆ ಒಬ್ಬ ಹುಡುಗಿಗೆ ಹೀಗೇ ಸ್ವಲ್ಪ ಗದರಿದೆ. ಮರುದಿನ ಪೂರ್ತಿ ಚಿತ್ರ ಕಳಿಸಿದಳು. ಫೋನಿನಲ್ಲೇ ಇಬ್ಬರೂ ಸೇರಿ ಎರಡು ಸಲ ಎಣಿಸಿದೆವು. ಕ್ರಿಸ್ಟೇಟಸ್, ಗಂಡು. ಲೇಬಲ್ ಮೇಲೆ ಎರಡನ್ನೂ ಬರೆಯಲು ಹೇಳಿದೆ: ಎಡ 15, ಬಲ 16.