ಹಾಲಿಲ್ಲದ ರಾತ್ರಿಯೂಟ, ಎಲ್ಲರಿಗೂ ಒಂದೇ ಪಾತ್ರೆಯಲ್ಲಿ

ಮಗುವಿಗೆ ಹಾಲಿನ ಅಲರ್ಜಿ ಇದೆ ಎಂದು ಗೊತ್ತಾದ ಹೊಸದರಲ್ಲಿ ಮನೆಯವರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ರಾತ್ರಿ ಊಟಕ್ಕೆ ಏನು ಮಾಡಲಿ?" ಬೆಣ್ಣೆ ಇಲ್ಲ, ಕ್ರೀಮ್ ಇಲ್ಲ, ಮೊಸರೂ ಇಲ್ಲ. ಮಗುವಿಗೆ ಒಂದು, ಉಳಿದವರಿಗೆ ಇನ್ನೊಂದು ಅಂತ ಎರಡೆರಡು ಅಡುಗೆ ಮಾಡಿ ಅವರು ಆಗಲೇ ಸೋತಿರುತ್ತಾರೆ. ಆಹಾರ ತಜ್ಞೆಯಾಗಿ ನಾನು ಮೊದಲು ಹೇಳುವುದು ಇಷ್ಟೇ: ಎಲ್ಲರಿಗೂ ಒಂದೇ ಅಡುಗೆ ಮಾಡಿ. ಬೇರೆಯವರ ತಟ್ಟೆಯನ್ನೇ ನೋಡುತ್ತಾ ಮಗು ಊಟ ಮಾಡುವಂತೆ ಆಗಬಾರದು, ಅಲ್ವಾ?

ಹಾಲಿನ ಬದಲು ಏನು ಹಾಕಲಿ ಎಂದು ಹುಡುಕುವ ಮುಂಚೆ, ಆ ಅಡುಗೆಯಲ್ಲಿ ಹಾಲು ಏನು ಕೆಲಸ ಮಾಡುತ್ತಿತ್ತು ಎಂದು ಯೋಚಿಸಿ. ಮಂದವಾಗಿ, ನುಣ್ಣಗೆ ಮಾಡುತ್ತಿತ್ತೇ? ಬೆಂದ ಬೇಳೆಯೂ ಅದನ್ನೇ ಮಾಡುತ್ತದೆ. ಜಿಡ್ಡಿನ ರುಚಿ ಬೇಕಿತ್ತೇ? ಎಣ್ಣೆ ಇದೆ, ತೆಂಗಿನ ಹಾಲಿದೆ. ಮೊಸರಿನ ಹುಳಿ ಬೇಕಿದ್ದರೆ ನಿಂಬೆ ಹಿಂಡಿದರಾಯಿತು.

ನಾನು ಎಲ್ಲರಿಗೂ ಹೇಳಿಕೊಡುವ ಅಡುಗೆ ಮಸೂರ ಬೇಳೆಯದು. ಕೆಂಪಗಿರುವ, ಸಿಪ್ಪೆ ತೆಗೆದು ಒಡೆದ ಬೇಳೆಯೇ ಬೇಕು. ಅದನ್ನು ನೆನೆಹಾಕುವುದು ಬೇಡ, ಸುಮಾರು 20 ನಿಮಿಷದಲ್ಲಿ ಬೇಯುತ್ತದೆ. ಮೊದಲು ಅನ್ನಕ್ಕೆ ಇಟ್ಟುಬಿಡಿ. ಪಕ್ಕದ ಒಲೆಯಲ್ಲಿ ನಾಲ್ಕು ಜನರಿಗೆ ಒಂದು ಕಪ್ ಬೇಳೆಗೆ ಮೂರು ಕಪ್ ನೀರು ಹಾಕಿ ಬೇಯಿಸಿ. ಅಷ್ಟರಲ್ಲಿ ಬಾಣಲೆಯಲ್ಲಿ ಎಣ್ಣೆ ಬಿಸಿ ಮಾಡಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ. ಈರುಳ್ಳಿ ಕಂದು ಬಣ್ಣಕ್ಕೆ ತಿರುಗುವವರೆಗೂ ಕಾಯಿರಿ, ಇಲ್ಲಿ ಅವಸರ ಬೇಡ. ಬೆಣ್ಣೆ ಇಲ್ಲದ ಅಡುಗೆಗೆ ಅರ್ಧ ರುಚಿ ಬರುವುದೇ ಇದರಿಂದ. ಆಮೇಲೆ ಟೊಮ್ಯಾಟೊ, ಜೀರಿಗೆ ಪುಡಿ, ಸ್ವಲ್ಪ ಖಾರ ಹಾಕಿ.

ಟೊಮ್ಯಾಟೊವನ್ನು ಮೊದಲೇ ಬೇಳೆಯ ಜೊತೆ ಹಾಕಬೇಡಿ. ಹುಳಿ ಸೇರಿದರೆ ಬೇಳೆ ಮೆತ್ತಗಾಗಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಅವಸರದ ಸಂಜೆ ಅಡುಗೆ ತಡವಾಯಿತು ಎನ್ನುವವರಲ್ಲಿ ಎಷ್ಟೋ ಜನ ಮಾಡಿರುವುದು ಇದನ್ನೇ. ಬೇಳೆ ಪೂರ್ತಿ ಬೆಂದ ಮೇಲೆ ಎರಡನ್ನೂ ಸೇರಿಸಿ, ಸೌಟಿನ ಹಿಂಬದಿಯಿಂದ ಸ್ವಲ್ಪ ಮಸೆಯಿರಿ. ಮನೆಯಲ್ಲಿ ಬೆಂದ ಕಡಲೆಕಾಳಿನ ಡಬ್ಬಿ ಇದ್ದರೆ ನೀರು ಬಸಿದು, ತೊಳೆದು ಹಾಕಿ. ಮಕ್ಕಳಿಗೆ ಅಗಿಯಲು ಏನಾದರೂ ಸಿಕ್ಕಿದಂತಾಗುತ್ತದೆ. ಕೊನೆಗೆ ಉರಿ ಸಣ್ಣ ಮಾಡಿ ಅರ್ಧ ಕಪ್ ತೆಂಗಿನ ಹಾಲು. ಜೋರಾಗಿ ಕುದಿಸಿದರೆ ಅದು ಒಡೆಯುತ್ತದೆ. ಒಲೆ ಆರಿಸಿದ ಮೇಲೆ ಉಪ್ಪು ನೋಡಿ, ನಿಂಬೆ ಹಿಂಡಿ.

ತೆಂಗಿನ ಹಾಲು ಇಲ್ಲದಿದ್ದರೆ ಒಂದು ಚಮಚ ಪೀನಟ್ ಬಟರ್ ಬಿಸಿನೀರಲ್ಲಿ ಕಲಸಿ ಹಾಕಬಹುದು. ಮನೆಯಲ್ಲಿ ಯಾರಿಗಾದರೂ ಶೇಂಗಾ ಅಲರ್ಜಿ ಇದ್ದರೆ ಮಾತ್ರ ಇದು ಬೇಡವೇ ಬೇಡ.

ಪ್ಯಾಕೆಟ್ ಸಾಮಾನು ಬಳಸುವಾಗ ಲೇಬಲ್ ಓದಿ. ಕೇಸಿನ್, ವೇ, ಹಾಲಿನ ಘನಾಂಶ ಎಂದಿದ್ದರೆ ಅದೂ ಹಾಲೇ. ಸೂಪಿನ ಪುಡಿ, ಮಸಾಲೆ ಮಿಶ್ರಣಗಳಲ್ಲೂ ಇವು ಇರುತ್ತವೆ. ತುಪ್ಪದಲ್ಲೂ ಹಾಲಿನ ಪ್ರೋಟೀನ್ ಅಷ್ಟಿಷ್ಟು ಉಳಿದಿರಬಹುದು. ಇನ್ನು "ಲ್ಯಾಕ್ಟೋಸ್ ಇಲ್ಲ" ಎಂಬ ಮಾತು ನಂಬಿ ಮೋಸ ಹೋಗಬೇಡಿ. ಲ್ಯಾಕ್ಟೋಸ್ ಎಂದರೆ ಹಾಲಿನಲ್ಲಿರುವ ಸಕ್ಕರೆ. ಅದು ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವವರಿಗೆ ಅಂಥ ಹಾಲು ಸರಿ. ಅಲರ್ಜಿ ಬರುವುದು ಪ್ರೋಟೀನಿನಿಂದ, ಅದು ಆ ಹಾಲಿನಲ್ಲಿ ಹಾಗೇ ಇರುತ್ತದೆ. ಅಲರ್ಜಿ ಇರುವ ಮಗುವಿಗೆ ಒಂದು ಹನಿಯೂ ಅಪಾಯ ಆಗಬಹುದು. ಮೊಸರಿಗೆ ಹಾಕಿದ ಸೌಟನ್ನು ಸುಮ್ನೆ ಒರೆಸಿ ಈ ಪಾತ್ರೆಗೆ ಹಾಕಬೇಡಿ.

ತಾಯಂದಿರಿಗೆ ನಾನು ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ತೆಂಗಿನ ಹಾಲು ರುಚಿಗೆ ಮಾತ್ರ. ಹಸುವಿನ ಹಾಲಿನಷ್ಟು ಪ್ರೋಟೀನ್, ಕ್ಯಾಲ್ಸಿಯಂ ಅದರಲ್ಲಿಲ್ಲ. ಈ ಊಟದಲ್ಲಿ ಪ್ರೋಟೀನ್ ಬೇಳೆಯಿಂದ ಸಿಗುತ್ತದೆ. ಕ್ಯಾಲ್ಸಿಯಂಗೆ ಬೇರೆ ದಾರಿ ಬೇಕು: ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು, ತೋಫು, ಸಿಪ್ಪೆ ಇರುವ ಎಳ್ಳು. ಸೋಯಾ ಕೂಡ ಒಗ್ಗದ ಮಕ್ಕಳಿದ್ದಾರೆ, ಹಾಗಾಗಿ ಚಿಕ್ಕ ಮಕ್ಕಳಿಗೆ ಏನು, ಎಷ್ಟು ಎಂಬುದನ್ನು ವೈದ್ಯರ ಜೊತೆ ಕೂತು ನಿರ್ಧರಿಸಿ.

ಉಳಿದದ್ದನ್ನು ಬೇಗ ಆರಿಸಿ ಫ್ರಿಜ್‌ನಲ್ಲಿಡಿ. ಬೆಳಗ್ಗೆ ಹೊತ್ತಿಗೆ ಗಟ್ಟಿಯಾಗಿರುತ್ತದೆ. ಒಂದು ಲೋಟ ಬಿಸಿನೀರು ಹಾಕಿ ಚೆನ್ನಾಗಿ ಕಾಯಿಸಿದರೆ ಮಧ್ಯಾಹ್ನಕ್ಕೆ ಒಳ್ಳೆಯ ಸೂಪ್ ಆಗುತ್ತದೆ.