ಚಳಿ ಶುರುವಾದ ಮೇಲೆ ದಡದಿಂದ ಸ್ಟ್ರೈಪ್ಡ್ ಬಾಸ್ ಸಿಗುತ್ತದಾ?

ಪ್ರಶ್ನೆ: ನ್ಯೂಜೆರ್ಸಿಗೆ ಬಂದು ಎರಡು ವರ್ಷ ಆಯಿತು. ಗಾಳದ ಹುಚ್ಚು ಊರಿನಿಂದಲೇ ಅಂಟಿಕೊಂಡಿದೆ. ದೋಣಿ ಇಲ್ಲ. ನವೆಂಬರ್ ಬಂತು, ಇನ್ನೂ ಸ್ಟ್ರೈಪರ್‌ಗೆ (ಸ್ಟ್ರೈಪ್ಡ್ ಬಾಸ್, ಮೈಮೇಲೆ ಪಟ್ಟೆಗಳಿರುವ ದೊಡ್ಡ ಮೀನು) ಹೋಗಬಹುದಾ?

ಉತ್ತರ: ಧಾರಾಳವಾಗಿ ಹೋಗಿ. ಅಲ್ಲಿ ದಡದಲ್ಲಿ ನಿಲ್ಲುವವರಿಗೆ ಒಳ್ಳೆಯ ಕಾಲವೇ ಇದು. ಬೇಸಿಗೆಯೆಲ್ಲ ಉತ್ತರದ ಮೇನ್, ಮ್ಯಾಸಚೂಸೆಟ್ಸ್ ರಾಜ್ಯಗಳ ಕಡೆ ಮೇಯ್ದ ಮೀನು ನೀರು ತಣ್ಣಗಾಗುತ್ತಿದ್ದಂತೆ ದಕ್ಷಿಣಕ್ಕೆ ಹೊರಡುತ್ತದೆ. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ನಲ್ಲಿ ಅಕ್ಟೋಬರ್ ಕೊನೆಗೆ ಹೆಚ್ಚುಕಡಿಮೆ ಎಲ್ಲ ಖಾಲಿ. ನಿಮ್ಮ ನ್ಯೂಜೆರ್ಸಿಯ ಸ್ಯಾಂಡಿ ಹುಕ್, ಐಲ್ಯಾಂಡ್ ಬೀಚ್ ಕಡೆ ಆಗಷ್ಟೇ ರಂಗೇರುತ್ತದೆ. ನೀರು ಸುಮಾರು 10ರಿಂದ 15 ಡಿಗ್ರಿ ಸೆಲ್ಸಿಯಸ್ ಇರುವಾಗ ಮೀನು ಚುರುಕು. 7ಕ್ಕಿಂತ ಕೆಳಗಿಳಿದರೆ ಮಂಕು.

ಹೊಸಬರು ಮಾಡುವ ತಪ್ಪು ಒಂದೇ: ಇದ್ದ ಶಕ್ತಿಯೆಲ್ಲ ಹಾಕಿ ದೂರ ಎಸೆಯುವುದು. ಮೀನು ಎಷ್ಟೋ ಸಲ ಕಾಲ ಬುಡದಲ್ಲೇ ಇರುತ್ತದೆ. ಇಳಿತದ ಹೊತ್ತಿಗೆ ಗಾಳ ಬಿಟ್ಟು ಬರಿಗೈಯಲ್ಲಿ ಒಮ್ಮೆ ನಡೆದು ಬನ್ನಿ. ಅಲೆ ಒಡೆದು ಬಿಳಿ ನೊರೆ ಏಳುವ ಕಡೆ ಮರಳ ದಿಬ್ಬ ಇದೆ. ದಿಬ್ಬಕ್ಕೂ ದಡಕ್ಕೂ ನಡುವೆ ನೀರು ಕಪ್ಪಗೆ, ಸುಮ್ನೆ ಹರಿಯುತ್ತಿದ್ದರೆ ಅದು ತಗ್ಗು. ದಿಬ್ಬ ಎಲ್ಲಿ ಕಿತ್ತುಹೋಗಿದೆಯೋ ಅದೇ ಬಾಗಿಲು. ಉಬ್ಬರ ಏರುವಾಗ ಸ್ಟ್ರೈಪರ್ ಆ ಬಾಗಿಲಿಂದ ಒಳಗೆ ಬಂದು, ತಗ್ಗಿನಲ್ಲಿ ಸಿಕ್ಕಿಕೊಂಡ ಸಣ್ಣ ಮೀನನ್ನು ಮೇಯುತ್ತದೆ. ಜಾಗ ಗುರುತಿಟ್ಟುಕೊಂಡು ಆಗ ಬನ್ನಿ.

ಅದು ಏನು ತಿನ್ನುತ್ತಿದೆ ನೋಡಿ. ಬಂಕರ್ ಅನ್ನುವುದು ನಮ್ಮ ಮಂಗಳೂರಿನ ಬೂತಾಯಿಯ ಹಾಗೆ ಎಣ್ಣೆ ಜಾಸ್ತಿ ಇರುವ ಮೀನು. ಗ್ಯಾನೆಟ್ ಹಕ್ಕಿಗಳು ಮೇಲಿಂದ ಬಾಣದಂತೆ ಬೀಳುತ್ತಿದ್ದರೆ ಕೆಳಗೆ ಅಂಥದ್ದೇ ಹಿಂಡು ಇರುತ್ತದೆ. ಸ್ಯಾಂಡ್ ಈಲ್ ಬೆರಳಿನಷ್ಟು ತೆಳ್ಳಗಿನ ಮೀನು. ಹೆಸರಲ್ಲಿ ಈಲ್ ಇದ್ದರೂ ಹಾವುಮೀನಲ್ಲ. ರಾತ್ರಿ ಮರಳಲ್ಲಿ ಹುದುಗಿದ್ದು ಬೆಳಗಾಗುವಾಗ ಏಳುತ್ತದೆ. ಅದಕ್ಕೇ ಆ ದಡದಲ್ಲಿ ಕತ್ತಲಿರುವಾಗಲೇ ಜನ ಸಾಲಾಗಿ ನಿಂತಿರುತ್ತಾರೆ. ಸ್ಟ್ರೈಪರ್ ಇದನ್ನು ತಿನ್ನುತ್ತಿದ್ದರೆ ತೆಳುವಾದ ಲೋಹದ ಜಿಗ್ (ಕೊಕ್ಕೆ ಇರುವ ನಕಲಿ ಮೀನು) ಸಾಕು. ನಿಧಾನವಾಗಿ ಎಳೆಯಿರಿ, ತಣ್ಣೀರಲ್ಲಿ ಮೀನಿಗೂ ಓಡುವ ಮನಸ್ಸಿರುವುದಿಲ್ಲ.

ದೋಣಿ ಇಲ್ಲ ಅಂತ ಬೇಜಾರು ಬೇಡ. 1982ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ 78 ಪೌಂಡ್ 8 ಔನ್ಸ್ ತೂಕದ ಸ್ಟ್ರೈಪರ್ ಸಿಕ್ಕಿದ್ದು ಕಲ್ಲಿನ ಕಟ್ಟೆಯ ಮೇಲೆ ನಿಂತವರಿಗೆ. 2011ರವರೆಗೆ ಅದೇ ವಿಶ್ವ ದಾಖಲೆ. ಆದರೆ ಪಾಚಿ ಹಿಡಿದ ಆ ಕಲ್ಲುಗಳ ಮೇಲೆ ಮುಳ್ಳು ತಳದ ಶೂ ಇಲ್ಲದೆ ಹತ್ತಬೇಡಿ. ವೇಡರ್ (ನೀರಲ್ಲಿ ನಿಲ್ಲಲು ತೊಡುವ, ಎದೆಮಟ್ಟದ ನೀರು ಹೋಗದ ಪ್ಯಾಂಟ್) ತೊಟ್ಟರೆ ಸೊಂಟಕ್ಕೆ ಬೆಲ್ಟ್ ಬಿಗಿಯಿರಿ, ಬಿದ್ದರೆ ಒಳಗೆ ತಣ್ಣೀರು ತುಂಬಬಾರದು.

ಇನ್ನು ಕಾನೂನು. ದಿನಕ್ಕೆ ಒಂದೇ ಮೀನು. ಅದೂ 28ರಿಂದ 31 ಇಂಚಿನ ಒಳಗೆ, ಅಂದರೆ 71ರಿಂದ 79 ಸೆಂಟಿಮೀಟರ್. 2023ರಿಂದ ಹೀಗಿದೆ. ಅದಕ್ಕಿಂತ ದೊಡ್ಡದು ಸಿಕ್ಕರೂ ಬಿಡಲೇಬೇಕು. ಹೊಟ್ಟೆ ಉರಿಯುತ್ತೆ ಅಲ್ವಾ? ಆದರೆ ಮೊಟ್ಟೆ ಜಾಸ್ತಿ ಇಡುವುದು ಆ ದೊಡ್ಡ ಹೆಣ್ಣುಗಳೇ. ಗಾಳಕ್ಕೆ ನಿಜವಾದ ಮೀನಿನ ತುಂಡು ಸಿಕ್ಕಿಸುವುದಾದರೆ ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ದುಂಡನೆಯ ಕೊಕ್ಕೆ) ಕಡ್ಡಾಯ. ಊರಲ್ಲಿ ಮಾಡುವ ಹಾಗೆ ಜಗ್ಗಿದರೆ ಅದು ಬಾಯಿಂದ ಜಾರಿ ಬರುತ್ತದೆ. ಸುಮ್ನೆ ರೀಲ್ ಸುತ್ತಿ, ತಾನೇ ಕಚ್ಚಿಕೊಳ್ಳುತ್ತದೆ. ಹೊರಡುವ ಮುಂಚೆ ಆ ವರ್ಷದ ನಿಯಮ ನೋಡಿಕೊಳ್ಳಿ, ಆಗಾಗ ಬದಲಾಗುತ್ತಿರುತ್ತದೆ.

ಜನವರಿ, ಫೆಬ್ರವರಿಯಲ್ಲಿ ನ್ಯೂಜೆರ್ಸಿಯ ನದಿ, ಕೊಲ್ಲಿಗಳಲ್ಲಿ ಸ್ಟ್ರೈಪರ್ ಹಿಡಿಯುವಂತಿಲ್ಲ. ಸಮುದ್ರ ಮಾತ್ರ ತೆರೆದೇ ಇರುತ್ತದೆ, ಅಷ್ಟು ಹೊತ್ತಿಗೆ ಮೀನು ಉಳಿದಿದ್ದರೆ.