ಕಾಲು ಕಲಿಸುವ ಕಾಲ: ಮಕ್ಕಳ ಸಂಗೀತ ಪಾಠದ ಹಿಂದಿನ ಕತೆ

1892ರಲ್ಲಿ ಎಮಿಲ್ ಜಾಕ್-ಡಾಲ್ಕ್ರೋಜ್ ಸ್ವಿಟ್ಜರ್ಲೆಂಡಿನ ಜಿನೀವಾದ ಸಂಗೀತ ಶಾಲೆಗೆ ಮೇಷ್ಟ್ರಾಗಿ ಸೇರಿದರು. ಆಗ ಅವರಿಗೆ 30 ಕೂಡ ತುಂಬಿರಲಿಲ್ಲ. ಹಲವು ಸ್ವರಗಳನ್ನು ಒಟ್ಟಿಗೆ ಕೂಡಿಸುವ ಹಾರ್ಮನಿ ಕಲಿಸುವುದು ಅವರ ಕೆಲಸ. ವಿದ್ಯಾರ್ಥಿಗಳು ಜಾಣರೇ. ಹಾಳೆಯ ಮೇಲೆ ಬರೆಯಿರಿ ಅಂದರೆ ಲೆಕ್ಕ ಬಿಡಿಸಿದ ಹಾಗೆ ಬರೆದುಕೊಡುತ್ತಿದ್ದರು. ಆದರೆ ಬರೆದದ್ದು ಕಿವಿಗೆ ಹೇಗೆ ಕೇಳಿಸುತ್ತದೆ ಅನ್ನುವುದೇ ಅವರಿಗೆ ಗೊತ್ತಾಗುತ್ತಿರಲಿಲ್ಲ. ಬೆರಳು ಪಿಯಾನೊ ಮೇಲೆ ಚುರುಕಾಗಿ ಓಡುತ್ತಿತ್ತು, ಲಯ ಮಾತ್ರ ಹದದಲ್ಲಿ ನಿಲ್ಲುತ್ತಿರಲಿಲ್ಲ.

ಅದೇ ವಿದ್ಯಾರ್ಥಿಗಳು ಬೀದಿಯಲ್ಲಿ ಒಂದೇ ಹದದಲ್ಲಿ ನಡೆದು ಹೋಗುತ್ತಿದ್ದರು. ಸಂಗೀತ ಕೇಳುತ್ತಾ ಕೂತಾಗ ಅವರಿಗೇ ತಿಳಿಯದೆ ಕಾಲು ನೆಲ ತಟ್ಟುತ್ತಿತ್ತು. ಲಯ ಮೈಯಲ್ಲಿ ಇದ್ದೇ ಇದೆ, ಪಾಠ ಅದನ್ನು ಮುಟ್ಟುತ್ತಿಲ್ಲ ಅಂತ ಡಾಲ್ಕ್ರೋಜ್ ಅವರಿಗೆ ಹೊಳೆದದ್ದು ಹೀಗೆ. ಅದಕ್ಕೂ ಮೊದಲು ಅವರು ಅಲ್ಜಿಯರ್ಸ್‌ನ ರಂಗಮಂದಿರವೊಂದರಲ್ಲಿ ಕೆಲಸ ಮಾಡಿ ಬಂದಿದ್ದರು. ಅಲ್ಲಿ ಕಿವಿಗೆ ಬಿದ್ದ ಅರಬ್ ಲಯಗಳೂ ಅವರ ಮನಸ್ಸಿನಲ್ಲಿ ಉಳಿದಿದ್ದವು.

ಹಾಗೆ ಹುಟ್ಟಿದ ಪಾಠಕ್ಕೆ ಈಗ ಯುರಿದ್ಮಿಕ್ಸ್ ಅಂತ ಹೆಸರು. ನೋಡಿದರೆ ಆಟದ ಹಾಗೇ ಇರುತ್ತದೆ. ಮೇಷ್ಟ್ರು ಪಿಯಾನೊ ಮುಂದೆ ಕೂತು ಆಗಿಂದಾಗ್ಗೆ ಹೊಳೆದದ್ದನ್ನು ನುಡಿಸುತ್ತಾರೆ. ಮಕ್ಕಳು ಬರಿಗಾಲಲ್ಲಿ ಅದಕ್ಕೆ ತಕ್ಕ ಹಾಗೆ ನಡೆಯಬೇಕು. ಸ್ವರ ದುಪ್ಪಟ್ಟು ಚುರುಕಾದರೆ ಓಟ, ಎಳೆದರೆ ನಿಧಾನದ ಉದ್ದ ಹೆಜ್ಜೆ. ಪಿಯಾನೊ ನಿಂತರೆ ಎತ್ತಿದ ಕಾಲು ಎತ್ತಿದಲ್ಲೇ. ಮೇಷ್ಟ್ರು ‘ಹಾಪ್’ ಅಂದರೆ ಆ ಕ್ಷಣಕ್ಕೇ ನಡಿಗೆ ಬದಲಾಗಬೇಕು. ಸ್ವಲ್ಪ ಪಳಗಿದ ಮೇಲೆ ಕೈ ತಾಳ ಹಾಕುತ್ತದೆ, ಕಾಲು ರಾಗದ ಸ್ವರಗಳನ್ನು ಹೆಜ್ಜೆಯಲ್ಲಿ ಹೇಳುತ್ತದೆ. ಕೊನೆಕೊನೆಗೆ ಬರುವ ಒಂದು ಪಾಠವಂತೂ ನನಗೆ ಬಹಳ ಇಷ್ಟ. ಈಗಷ್ಟೇ ಕೇಳಿ ಮುಗಿದ ಸಾಲನ್ನು ಕಾಲಲ್ಲಿ ನಡೆಯುತ್ತಾ, ಅದೇ ಹೊತ್ತಿಗೆ ಮುಂದಿನ ಸಾಲನ್ನು ಕಿವಿಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಸುಮ್ನೆ ಕೂತು ಕೇಳುವವರಿಗೆ ಈ ಬಗೆಯ ಕೇಳ್ಮೆ ಎಲ್ಲಿ ಸಿಗಬೇಕು?

ಆಗಿನ ಜಿನೀವಾಕ್ಕೆ ಇದು ಸುಲಭವಾಗಿ ರುಚಿಸಲಿಲ್ಲ. ಮಡಿವಂತ ಊರು. ಬರಿಗಾಲು, ಬರಿತೋಳಿನಲ್ಲಿ ಹುಡುಗಿಯರು ಕುಣಿಯುವುದು ಸಂಗೀತ ಪಾಠ ಹೇಗಾದೀತು ಅಂತ ಜನ ಮೂಗು ಮುರಿದರು. ನೆಲೆ ಸಿಕ್ಕಿದ್ದು ಜರ್ಮನಿಯಲ್ಲಿ. ಡ್ರೆಸ್ಡನ್ ಪಕ್ಕದ ಹೆಲ್ಲೆರಾವ್ ಎಂಬ ತೋಟದೂರಿನಲ್ಲಿ 1911ರಲ್ಲಿ ಅವರಿಗಾಗಿಯೇ ಒಂದು ದೊಡ್ಡ ಶಾಲೆ ಎದ್ದಿತು. ರಷ್ಯಾದ ನರ್ತಕ ನಿಜಿನ್‌ಸ್ಕಿ ಅದನ್ನು ನೋಡಿ ಬಂದರು. ಸಂಗೀತ ಸಂಯೋಜಕ ಸ್ಟ್ರಾವಿನ್‌ಸ್ಕಿಯ ಜಟಿಲ ಲಯಗಳನ್ನು 1913ರಲ್ಲಿ ಪ್ಯಾರಿಸ್‌ನಲ್ಲಿ ಕುಣಿಸುವಾಗ, ಎಣಿಕೆ ಹೇಳಿಕೊಡಲು ನೆರವಾದದ್ದು ಡಾಲ್ಕ್ರೋಜ್ ಅವರ ಶಿಷ್ಯೆ ಮರಿ ರಾಂಬೇರ್. ಮರುವರ್ಷವೇ ಮೊದಲ ಮಹಾಯುದ್ಧ ಬಂತು. ಜರ್ಮನ್ ಸೇನೆ ಫ್ರಾನ್ಸಿನ ರೀಮ್ಸ್ ಕೆಥೆಡ್ರಲ್ ಮೇಲೆ ಗುಂಡು ಸುರಿಸಿದ್ದನ್ನು ಖಂಡಿಸಿದ ಪತ್ರಕ್ಕೆ ಡಾಲ್ಕ್ರೋಜ್ ಸಹಿ ಹಾಕಿದರು. ಹೆಲ್ಲೆರಾವ್ ಬಾಗಿಲು ಮುಚ್ಚಿತು. 1915ರಲ್ಲಿ ಜಿನೀವಾದಲ್ಲೇ ಹೊಸ ಸಂಸ್ಥೆ ತೆರೆದರು. ಅದು ಇವತ್ತಿಗೂ ನಡೆಯುತ್ತಿದೆ.

ಆಮೇಲೆ ಇದೇ ಜಾಡಿನಲ್ಲಿ ಬೇರೆಯವರೂ ನಡೆದರು. ಜರ್ಮನಿಯ ಕಾರ್ಲ್ ಆರ್ಫ್ ಕುಣಿತದ ಜೊತೆಗೆ ಮಕ್ಕಳ ಕೈಗೆ ಬಡಿಯುವ ವಾದ್ಯ ಕೊಟ್ಟರು. ಹಂಗೇರಿಯ ಕೊಡಾಯ್ ಹಾಡುವುದೇ ಮೊದಲು ಅಂದರು. ಜಪಾನಿನ ಸುಜುಕಿ, ಮಗು ಮಾತು ಕಲಿಯುವ ಹಾಗೇ ಪಿಟೀಲೂ ಕಲಿಯಬಹುದು ಅಂದರು. ಅವರ ಪದ್ಧತಿಯಲ್ಲಿ ಮಗು ನುಡಿಸಬೇಕಾದ ಪಾಠ ದಿನವೂ ಮನೆಯಲ್ಲಿ ಕಿವಿಗೆ ಬೀಳುತ್ತಿರಬೇಕು.

ಇದನ್ನೆಲ್ಲ ಓದುವಾಗ ನನ್ನ ಕೈ ತೊಡೆಯ ಮೇಲೆ ಹೋಗುತ್ತದೆ. ನಮ್ಮ ಕರ್ನಾಟಕ ಸಂಗೀತದಲ್ಲಿ ಮೊದಲ ದಿನವೇ ಕೈ ಕೆಲಸಕ್ಕಿಳಿಯುತ್ತದೆ, ಅಲ್ವಾ? ಆದಿತಾಳಕ್ಕೆ ಒಂದು ಪೆಟ್ಟು, ಕಿರುಬೆರಳಿಂದ ಮೂರು ಎಣಿಕೆ, ಆಮೇಲೆ ಪೆಟ್ಟು-ಹುಸಿ, ಪೆಟ್ಟು-ಹುಸಿ (ಹುಸಿ ಅಂದರೆ ಅಂಗೈ ಮೇಲಾಗಿ ತಿರುಗಿಸುವುದು). ಒಟ್ಟು 8 ಅಕ್ಷರ, ಅಂದರೆ 8 ಎಣಿಕೆ. ಸರಳೆ, ಜಂಟಿ, ಅಲಂಕಾರ ಅಂತ ಮಾಯಾಮಾಳವಗೌಳ ರಾಗದಲ್ಲಿ ಮೆಟ್ಟಿಲು ಕಟ್ಟಿಕೊಟ್ಟವರು ಪುರಂದರದಾಸರು ಅಂತಲೇ ನಾವೆಲ್ಲ ನಂಬಿ ಕಲಿತದ್ದು. ಗುರು ಹಾಡುತ್ತಾರೆ, ಮಗು ಕೇಳಿ ಹಾಡುತ್ತದೆ. ಪುಸ್ತಕ ಆಮೇಲೆ. ಈಗ ಆ ಸಾಲು ತಿರುಗಿದೆ. ಸಂಗೀತ ಪರೀಕ್ಷೆಗಳು ಬಂದ ಮೇಲೆ ಮಕ್ಕಳ ಕಣ್ಣು ನೋಟ್ಸಿನ ಮೇಲೇ ಜಾಸ್ತಿ. ಕೈ ತಾಳ ಹಾಕುತ್ತಿರುತ್ತದೆ, ಆದರೆ ಕಿವಿ ಅದರ ಜೊತೆ ಇರುವುದಿಲ್ಲ.

ನಮ್ಮ ಪಕ್ಕದ ಮನೆಯ 7 ವರ್ಷದ ಹುಡುಗಿಗೆ ಎರಡನೇ ಕಾಲ, ಅಂದರೆ ದುಪ್ಪಟ್ಟು ವೇಗದ ಹಾಡಿಕೆ, ಹಿಡಿಯುತ್ತಿರಲಿಲ್ಲ. ಕಾಲ ಏರಿದಾಗ ತಾಳ ಇದ್ದಲ್ಲೇ ಇರಬೇಕು, ಅಕ್ಷರಕ್ಕೆ ಎರಡು ಸ್ವರ ಹಾಡಬೇಕು. ಇವಳು ಸ್ವರದ ಜೊತೆ ಕೈಯನ್ನೂ ಓಡಿಸಿಬಿಡುತ್ತಿದ್ದಳು. ಒಂದು ದಿನ ಟೀಚರ್ ನೋಟ್‌ಬುಕ್ ಮುಚ್ಚಿಸಿದರು. ‘ಬಾ ಪುಟ್ಟಿ, ನಡೆಯೋಣ’ ಅಂತ ಅವಳ ಕೈ ಹಿಡಿದು ಜಗಲಿಯಲ್ಲಿ ನಡೆಸಿದರು. ಹೆಜ್ಜೆಗೊಂದು ಸ್ವರ, ಆ ತುದಿಯವರೆಗೆ. ಅಲ್ಲಿಂದ ತಿರುಗುವಾಗ ಹೆಜ್ಜೆಗೆ ಎರಡು. ಹುಡುಗಿ ಓಡಲು ಹೊರಟಳು. ಟೀಚರ್ ಕೈ ಬಿಡಲಿಲ್ಲ, ತಮ್ಮ ಹೆಜ್ಜೆಯನ್ನೂ ಬದಲಿಸಲಿಲ್ಲ. ನಾಲ್ಕನೇ ಸಲಕ್ಕೆ ಅವಳ ಕಾಲು ನಿಧಾನವಾಯಿತು, ಬಾಯಿ ಮಾತ್ರ ಓಡಿತು. ‘ಮಿಸ್, ಕಾಲು ಓಡ್ತಿಲ್ಲ!’ ಅಂತ ಕೂಗಿದಳು. ಆಮೇಲೆ ಮೂರನೇ ಕಾಲವನ್ನೂ ನಡೆದು ನೋಡುತ್ತೇನೆ ಅಂತ ಹಟ ಹಿಡಿದಳು.